ಎರಡು ನೋಡ್‌ನ (ಸರ್ವರ್‌ನ) ಎಚ್‌ಎ (ಹೈ ಅವೈಲೆಬಿಲಿಟಿ) ಕ್ಲಸ್ಟರ್: ಒಂದು ಸರ್ವರ್ ಬದಲಾಯಿಸಬೇಕು, ಡೌನ್‌ಟೈಮ್ ಐದು ನಿಮಿಷ ದಾಟಬಾರದು

ರ‍್ಯಾಕ್_12

ನಮಸ್ಕಾರ. ಎರಡು ನೋಡ್‌ನ ಆ್ಯಕ್ಟಿವ್-ಪ್ಯಾಸಿವ್ ಕ್ಲಸ್ಟರ್: ಒಂದು ಕೆಲಸ ಮಾಡುತ್ತದೆ, ಅದು ಬಿದ್ದರೆ ಇನ್ನೊಂದು ವಹಿಸಿಕೊಳ್ಳುತ್ತದೆ. ಎರಡರಲ್ಲೂ ಆಲ್ಮಾ ಲಿನಕ್ಸ್ 9, ಪೇಸ್‌ಮೇಕರ್ 2.1 (ಯಾವ ಸರ್ವಿಸ್ ಎಲ್ಲಿ ಓಡಬೇಕೆಂದು ನಿರ್ಧರಿಸುವುದು), ಕೊರೊಸಿಂಕ್ 3 (ನೋಡ್‌ಗಳ ನಡುವಿನ ಸಂಪರ್ಕ). ಡೇಟಾ ಡಿಆರ್‌ಬಿಡಿ 9ರ (ಡಿಸ್ಕನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಸರ್ವರ್‌ಗೆ ನಕಲಿಸುವ ತಂತ್ರಾಂಶ) ಮೇಲಿದೆ, 1.8 ಟಿಬಿ, ಪ್ರೋಟೋಕಾಲ್ ಸಿ (ಎರಡೂ ಕಡೆ ಬರೆದಮೇಲಷ್ಟೇ ರೈಟ್ ಮುಗಿಯುತ್ತದೆ). ಅದರ ಮೇಲೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್, ಪೋಸ್ಟ್‌ಗ್ರೆಸ್ 15 ಡೇಟಾಬೇಸ್, ಪ್ರೈಮರಿಯ ಜೊತೆ ಸಾಗುವ ಒಂದು ವರ್ಚುವಲ್ ಐಪಿ. ಎರಡು ಸರ್ವರ್ ನಡುವೆ ನೇರ 10ಜಿ ಕೇಬಲ್ ಇದೆ. ಫೆನ್ಸಿಂಗ್ (ಕೈಕೊಟ್ಟ ನೋಡ್‌ನ ಪವರ್ ಬಲವಂತವಾಗಿ ಕಡಿಯುವುದು) ಐಪಿಎಂಐ (ಸರ್ವರ್‌ನ ದೂರನಿಯಂತ್ರಣ) ಮೂಲಕ. ಅಪ್ಲಿಕೇಶನ್ ಸರ್ವರ್‌ಗಳಲ್ಲಿ ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್‌ಗಳ ಪೂಲ್) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಓಡುತ್ತಿದೆ.

ಡಿಬಿ1 ಈಗ ಪ್ರೈಮರಿ, ಡಿಬಿ2 ಪ್ಯಾಸಿವ್. ಡಿಬಿ2ರಲ್ಲಿ ಸರಿಪಡಿಸಿಕೊಂಡ ಇಸಿಸಿ (ಮೆಮೊರಿ) ಎರರ್‌ಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿವೆ. ಡಿಮ್ (ಮೆಮೊರಿ ಪಟ್ಟಿ) ಬದಲಾಯಿಸಿದರೂ ಅದೇ ಸ್ಲಾಟ್‌ನಲ್ಲಿ ಮತ್ತೆ ಬರುತ್ತಿದೆ, ಹಾಗಾಗಿ ಪೂರ್ತಿ ಸರ್ವರನ್ನೇ ಬದಲಾಯಿಸುವುದೆಂದು ತೀರ್ಮಾನವಾಗಿದೆ. ಹೊಸದು ಎರಡು ತಲೆಮಾರು ಮುಂದಿನದು, ಎನ್‌ವಿಎಂಇ ಡಿಸ್ಕ್, 25ಜಿ ಕಾರ್ಡ್. ಭಾನುವಾರ ಬೆಳಗಿನ ಜಾವ 2ಕ್ಕೆ ಐದು ನಿಮಿಷ ಸಿಕ್ಕಿದೆ.

ಕೇಳಬೇಕಾದ್ದು ಇಷ್ಟು. ಹೊಸದನ್ನು ಮೂರನೇ ನೋಡ್ ಆಗಿ ಸೇರಿಸಿ, ಸಿಂಕ್ ಆದಮೇಲೆ ಹಳೆಯದನ್ನು ತೆಗೆಯಬೇಕೋ ಅಥವಾ ಮೊದಲೇ ತೆಗೆದುಬಿಡಬೇಕೋ? ಹೆಸರು, ಐಪಿ ಹಳೆಯದೇ ಇಡಬೇಕೋ, ಹೊಸದು ಕೊಡಬೇಕೋ? ಹೊಸದಕ್ಕೆ ಆಲ್ಮಾ 10 ಹಾಕಿಬಿಟ್ಟರೆ ಆಗುತ್ತದೆಯೇ?

---

ಬೇಲಿಗೂಟ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಆಲ್ಮಾ 10ರಲ್ಲಿ ಪೇಸ್‌ಮೇಕರ್ 3 ಬರುತ್ತದೆ. ಒಂದೇ ಕ್ಲಸ್ಟರ್‌ನಲ್ಲಿ 9 ಮತ್ತು 10 ಬೆರೆಸಿದರೆ ಯಾರೂ ಸಪೋರ್ಟ್ ಕೊಡುವುದಿಲ್ಲ. ಪೋಸ್ಟ್‌ಗ್ರೆಸ್ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಕಾರಣವೇ ಇದೆ, ಅದನ್ನು ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಯಾರಾದರೂ ಬಂದು ಹೇಳಲಿ. ಡಿಬಿ1ರಲ್ಲಿ ಯಾವ ಮೈನರ್ ವರ್ಷನ್, ಯಾವ ಕರ್ನಲ್, ಯಾವ ಡಿಆರ್‌ಬಿಡಿ ಮಾಡ್ಯೂಲ್ ಇದೆಯೋ ಹೊಸದರಲ್ಲೂ ಅದೇ ಹಾಕಿ. ಅಪ್‌ಗ್ರೇಡ್ ಬೇರೆ ಕೆಲಸ, ಅದಕ್ಕೆ ಬೇರೆ ದಿನ.

ಡೌನ್‌ಟೈಮ್ ವಿಚಾರ. ಕೆಡುತ್ತಿರುವುದು ಪ್ಯಾಸಿವ್ ನೋಡ್. ಅದನ್ನು ತೆಗೆದು ಹೊಸದು ಹಾಕುವ ಇಡೀ ಕೆಲಸಕ್ಕೆ ಡೌನ್‌ಟೈಮ್ ಸೊನ್ನೆ. ನಿಮ್ಮ ಐದು ನಿಮಿಷ ಬೇಕಾಗುವುದು ಕೊನೆಯಲ್ಲಿ ಒಮ್ಮೆ ಹೊಸದರ ಮೇಲೆ ಸ್ವಿಚ್‌ಓವರ್ (ಕೆಲಸದ ವರ್ಗಾವಣೆ) ಮಾಡಿ ನೋಡುವುದಕ್ಕೆ ಮಾತ್ರ. ನಿಜವಾದ ಅಪಾಯ ಇರುವುದು ಡಿಬಿ1 ಒಂಟಿ ಕಾಲಲ್ಲಿ ನಿಂತಿರುವ ಆ ಕೆಲವು ಗಂಟೆಗಳಲ್ಲಿ. ಪ್ಲಾನ್ ಪೂರ್ತಿ ಆ ಗಂಟೆಗಳನ್ನು ಕಡಿಮೆ ಮಾಡುವ ಕಡೆಗೆ ಇರಲಿ, ಭಾನುವಾರದ ಐದು ನಿಮಿಷದ ಕಡೆಗಲ್ಲ.

ಮೂರನೇ ನೋಡ್ ಆಗಿ ಸೇರಿಸುವ ಯೋಚನೆ ಚೆನ್ನಾಗಿದೆ, ಆದರೆ ಡಿಆರ್‌ಬಿಡಿ ಮೆಟಾಡೇಟಾ ಒಪ್ಪಬೇಕು. ಮೆಟಾಡೇಟಾ ಸೃಷ್ಟಿಸುವಾಗಲೇ ಎಷ್ಟು ಪೀರ್‌ಗಳಿಗೆ (ಜೊತೆ ನೋಡ್‌ಗಳಿಗೆ) ಬಿಟ್‌ಮ್ಯಾಪ್ (ಬದಲಾದ ಬ್ಲಾಕ್‌ಗಳ ಗುರುತು) ಜಾಗ ಎಂದು ನಿಗದಿಯಾಗಿರುತ್ತದೆ. ಡಿಬಿ2ನ್ನು ಸ್ಟ್ಯಾಂಡ್‌ಬೈಗೆ (ರಿಸೋರ್ಸ್ ಓಡಿಸದ ಸ್ಥಿತಿಗೆ) ಹಾಕಿ, ಅಲ್ಲಿ ಡಿಆರ್‌ಬಿಡಿ ಇಳಿದಮೇಲೆ ‘ಡಿಆರ್‌ಬಿಡಿಎಡಿಎಂ ಡಂಪ್-ಎಂಡಿ ಆರ್0’ ಕೊಟ್ಟು ‘ಮ್ಯಾಕ್ಸ್-ಪೀರ್ಸ್’ ಸಾಲು ನೋಡಿ. ಎರಡೂ ಒಂದೇ ರೀತಿ ಸೃಷ್ಟಿಯಾಗಿದ್ದರೆ ಡಿಬಿ1ರಲ್ಲೂ ಅದೇ ಇರುತ್ತದೆ. 1 ಅಂತಿದ್ದರೆ ಮೂರನೆಯವನಿಗೆ ಜಾಗವೇ ಇಲ್ಲ. ಜಾಗ ಹೆಚ್ಚಿಸಬೇಕೆಂದರೆ ಓಡುತ್ತಿರುವ ಡಿಬಿ1ರ ಮೆಟಾಡೇಟಾವನ್ನೇ ಮತ್ತೆ ಬರೆಯಬೇಕು. ಜೀವಂತ ನೋಡ್‌ನ ಮೇಲೆ ಆ ಸಾಹಸ ಬೇಡ. 7 ಅಂತಿದ್ದರೂ ನಿಮ್ಮದು ನೇರ ಕೇಬಲ್, ಮೂರನೆಯದನ್ನು ಜೋಡಿಸಲು ಇನ್ನೊಂದು ಪೋರ್ಟ್ ಅಥವಾ ಸ್ವಿಚ್ ಬೇಕು. ಅದಕ್ಕೇ ನನ್ನ ಮತ: ಮೊದಲು ತೆಗೆಯಿರಿ, ಆಮೇಲೆ ಸೇರಿಸಿ.

ಹೆಸರು, ಐಪಿ, ಡಿಆರ್‌ಬಿಡಿ ನೋಡ್-ಐಡಿ ಮೂರೂ ಹಳೆಯದೇ ಇರಲಿ. ಕಾರಣ ಇಷ್ಟೇ: ಆಗ ಡಿಬಿ1ರ ಡಿಆರ್‌ಬಿಡಿ ಕಾನ್ಫಿಗ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಹೊಸ ಹೆಸರು ಕೊಟ್ಟರೆ ರಿಸೋರ್ಸ್ ಫೈಲ್ ತಿದ್ದಬೇಕು, ‘ಫರ್ಗೆಟ್-ಪೀರ್’ ಕೊಟ್ಟು ಹಳೆಯವನ ಬಿಟ್‌ಮ್ಯಾಪ್ ಜಾಗ ಬಿಡಿಸಬೇಕು, ‘ಅಡ್ಜಸ್ಟ್’ ಓಡಿಸಬೇಕು. ಆಗುವ ಕೆಲಸವೇ, ಆದರೆ ಅಷ್ಟೂ ಪ್ರೈಮರಿ ಮೇಲೆ.

ಕ್ರಮ ಹೀಗೆ:

ಹೊಸ ಸರ್ವರ್‌ಗೆ ತಾತ್ಕಾಲಿಕ ಹೆಸರು ಮತ್ತು ಐಪಿ ಕೊಟ್ಟು ಬೇರೆ ರ‍್ಯಾಕ್‌ನಲ್ಲೇ ಪೂರ್ತಿ ತಯಾರು ಮಾಡಿ. ಪ್ಯಾಕೇಜ್, ಟೈಮ್ ಸಿಂಕ್, ಹೋಸ್ಟ್ಸ್ ಫೈಲ್, ಫೈರ್‌ವಾಲ್, ಎಲ್ಲವೂ. ಫೈರ್‌ವಾಲ್‌ಡಿಯಲ್ಲಿ ‘ಹೈ-ಅವೈಲೆಬಿಲಿಟಿ’ ಸರ್ವಿಸ್ ತೆರೆದರೆ ಪಿಸಿಎಸ್‌ನ (ಕ್ಲಸ್ಟರ್ ನಿರ್ವಹಿಸುವ ಕಮಾಂಡ್) 2224, ಕೊರೊಸಿಂಕ್‌ನ ಯುಡಿಪಿ 5404ರಿಂದ 5412 ಬರುತ್ತವೆ. ಡಿಆರ್‌ಬಿಡಿಯ ಪೋರ್ಟ್ ಅದರಲ್ಲಿ ಬರುವುದಿಲ್ಲ. ನಿಮ್ಮ ರಿಸೋರ್ಸ್ ಫೈಲ್‌ನಲ್ಲಿರುವುದು, 7788 ಅಥವಾ 7789, ಬೇರೆಯಾಗಿ ತೆರೆಯಬೇಕು. ಎಲ್‌ವಿಎಂ ವಾಲ್ಯೂಮ್ ಅನ್ನು ಡಿಬಿ1ರ ವಾಲ್ಯೂಮ್‌ನಷ್ಟೇ ಬೈಟ್ ಲೆಕ್ಕದಲ್ಲಿ ಮಾಡಿ; ‘ಬ್ಲಾಕ್‌ಡೆವ್ --ಗೆಟ್‌ಸೈಜ್64’ ಎರಡೂ ಕಡೆ ತಾಳೆಯಾಗಬೇಕು. ಒಂದಿಷ್ಟು ಚಿಕ್ಕದಾದರೂ ಹ್ಯಾಂಡ್‌ಶೇಕ್‌ನಲ್ಲೇ ಪೀರ್ ಡಿಸ್ಕ್ ಚಿಕ್ಕದು ಎಂದು ಕನೆಕ್ಷನ್ ಕಡಿಯುತ್ತದೆ.

ಪೋಸ್ಟ್‌ಗ್ರೆಸ್‌ನ ಸಿಸ್ಟಮ್‌ಡಿ ಸರ್ವಿಸ್ ಹೊಸದರಲ್ಲಿ ಡಿಸೇಬಲ್ ಆಗಿರಬೇಕು, ಓಡುತ್ತಲೂ ಇರಬಾರದು. ನೋಡ್ ಸೇರಿದ ಕ್ಷಣ ಪೇಸ್‌ಮೇಕರ್ ಪ್ರತಿ ರಿಸೋರ್ಸನ್ನೂ ಅಲ್ಲಿ ಪ್ರೋಬ್ ಮಾಡುತ್ತದೆ, ಅಂದರೆ ಓಡುತ್ತಿದೆಯೇ ಎಂದು ನೋಡುತ್ತದೆ. ಯಾರೋ ಪರೀಕ್ಷೆಗೆಂದು ಇನಿಟ್‌ಡಿಬಿ ಮಾಡಿ ಅದೇ ಡೈರೆಕ್ಟರಿಯಲ್ಲಿ ಓಡಿಸಿಟ್ಟಿದ್ದರೆ, ಒಂದೇ ರಿಸೋರ್ಸ್ ಎರಡು ಕಡೆ ಇದೆ ಎಂದುಕೊಂಡು ಎರಡನ್ನೂ ನಿಲ್ಲಿಸಿ ಒಂದನ್ನು ಮತ್ತೆ ಎಬ್ಬಿಸುತ್ತದೆ. ಡೀಫಾಲ್ಟ್ ನಡವಳಿಕೆಯೇ ಅದು. ಅಂದರೆ ಮಧ್ಯಾಹ್ನ ಮೂರಕ್ಕೆ ಪ್ರೊಡಕ್ಷನ್ ರೀಸ್ಟಾರ್ಟ್.

ಆಮೇಲೆ ಡಿಬಿ1ರಿಂದ:

ಪಿಸಿಎಸ್ ಕಾನ್ಫಿಗ್ ಬ್ಯಾಕಪ್ ಹಳೆಯದು
ಪಿಸಿಎಸ್ ರಿಸೋರ್ಸ್ ಡೀಫಾಲ್ಟ್ಸ್ ಅಪ್‌ಡೇಟ್ ರಿಸೋರ್ಸ್-ಸ್ಟಿಕಿನೆಸ್=1000
ಪಿಸಿಎಸ್ ನೋಡ್ ಸ್ಟ್ಯಾಂಡ್‌ಬೈ ಡಿಬಿ2
ಪಿಸಿಎಸ್ ಕ್ಲಸ್ಟರ್ ನೋಡ್ ರಿಮೂವ್ ಡಿಬಿ2

ಸುಮ್ಮನೆ ಡಿಬಿ2ನ್ನು ಪವರ್ ಆಫ್ ಮಾಡಿ ಬಿಟ್ಟರೆ ಸಾಲದೇ ಅಂತ ಕೇಳಬಹುದು. ಸಾಲದು. ಎರಡು ನೋಡ್‌ನ ಕ್ಲಸ್ಟರ್‌ನಲ್ಲಿ ‘ಟೂ_ನೋಡ್’ ಹಾಕಿದ್ದರೆ ‘ವೇಟ್_ಫಾರ್_ಆಲ್’ ತಾನಾಗಿಯೇ ಚಾಲೂ ಇರುತ್ತದೆ. ಈ ನಡುವೆ ಡಿಬಿ1 ಅಕಸ್ಮಾತ್ ರೀಬೂಟ್ ಆದರೆ ಡಿಬಿ2 ಬರಲಿ ಎಂದು ಕಾಯುತ್ತಾ ಕೂರುತ್ತದೆ, ರಿಸೋರ್ಸ್ ಒಂದೂ ಏಳುವುದಿಲ್ಲ. ರಿಮೂವ್ ಮಾಡಿದರೆ ಅದು ಒಂದೇ ನೋಡ್‌ನ ಕ್ಲಸ್ಟರ್, ಒಬ್ಬನೇ ಎದ್ದು ನಿಲ್ಲುತ್ತದೆ. ರಿಮೂವ್ ಆದಮೇಲೆ ಕೊರೊಸಿಂಕ್ ಕಾನ್ಫಿಗ್ ಫೈಲ್ ತೆರೆದು ‘ಟೂ_ನೋಡ್’ ಸಾಲು ಹೋಗಿದೆಯೇ ಎಂದು ಕಣ್ಣಾರೆ ನೋಡಿ. ಡಿಬಿ2ನ್ನು ಮತ್ತೆ ಸೇರಿಸಿದಾಗ ಆ ಸಾಲು ವಾಪಸ್ ಬಂದಿರಬೇಕು.

ಹಳೆ ಡಿಬಿ2ರ ಸ್ಟೋನಿತ್ (ಫೆನ್ಸಿಂಗ್) ಡಿವೈಸ್ ಡಿಲೀಟ್ ಮಾಡಿ, ಹೊಸ ಬಿಎಂಸಿ (ಐಪಿಎಂಐ ಚಿಪ್) ವಿಳಾಸಕ್ಕೆ ಹೊಸದನ್ನು ಈಗಲೇ ಸೃಷ್ಟಿಸಿ, ಅಂದರೆ ನೋಡ್ ಸೇರಿಸುವುದಕ್ಕೂ ಮುಂಚೆ. ‘ಪಿಸಿಎಂಕೆ_ಹೋಸ್ಟ್_ಲಿಸ್ಟ್=ಡಿಬಿ2’, ‘ಲ್ಯಾನ್‌ಪ್ಲಸ್=1’ ಮರೆಯಬೇಡಿ. ಎರಡು ಡಿವೈಸ್‌ಗಳಲ್ಲಿ ಒಂದಕ್ಕೆ ‘ಪಿಸಿಎಂಕೆ_ಡಿಲೇ_ಬೇಸ್’ ಇರಬೇಕು, ಇಲ್ಲದಿದ್ದರೆ ನೆಟ್‌ವರ್ಕ್ ಕಡಿದಾಗ ಇಬ್ಬರೂ ಒಟ್ಟಿಗೆ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಕೆಲಸ ಸುಲಭವಾಗಲಿ ಎಂದು ‘ಸ್ಟೋನಿತ್-ಎನೇಬಲ್ಡ್=ಫಾಲ್ಸ್’ ಮಾತ್ರ ಮಾಡಬೇಡಿ. ತಾತ್ಕಾಲಿಕ ಎಂದು ಆಫ್ ಮಾಡಿದ್ದು ಮತ್ತೆ ಆನ್ ಆಗುವುದು ಅಪರೂಪ.

ಈಗ ಹೊಸದಕ್ಕೆ ಡಿಬಿ2 ಎಂದು ಹೆಸರು, ಐಪಿ ಕೊಡಿ. ಸೇರಿಸುವ ಮುನ್ನ ಹೊಸದರ ಪೇಸ್‌ಮೇಕರ್ ಸಿಸ್‌ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು: ‘ಪಿಸಿಎಂಕೆ_ನೋಡ್_ಸ್ಟಾರ್ಟ್_ಸ್ಟೇಟ್=ಸ್ಟ್ಯಾಂಡ್‌ಬೈ’. ರಿಮೂವ್ ಮಾಡಿದಾಗ ಹಳೆಯ ಸ್ಟ್ಯಾಂಡ್‌ಬೈ ಗುರುತೂ ಅಳಿಸಿಹೋಗಿರುತ್ತದೆ. ಈ ಸಾಲು ಇಲ್ಲದಿದ್ದರೆ ಹೊಸ ನೋಡ್ ಬಂದ ಕ್ಷಣವೇ ಕೆಲಸಕ್ಕೆ ಇಳಿಯುತ್ತದೆ.

ಪಿಸಿಎಸ್ ಹೋಸ್ಟ್ ಆತ್ ಡಿಬಿ2
ಪಿಸಿಎಸ್ ಕ್ಲಸ್ಟರ್ ನೋಡ್ ಆ್ಯಡ್ ಡಿಬಿ2 --ಸ್ಟಾರ್ಟ್ --ಎನೇಬಲ್

ಹೆಸರು ಹಳೆಯದಾದರೂ ಟೋಕನ್ ಹೊಸದು, ‘ಎಚ್‌ಎಕ್ಲಸ್ಟರ್’ ಯೂಸರ್‌ನ ಪಾಸ್‌ವರ್ಡ್‌ನಿಂದ ಮತ್ತೆ ಆತ್ ಮಾಡಲೇಬೇಕು. ಕೊರೊಸಿಂಕ್, ಪೇಸ್‌ಮೇಕರ್ ಕೀಗಳನ್ನು ಪಿಸಿಎಸ್ ತಾನೇ ಕಳಿಸುತ್ತದೆ.

ಸ್ಟ್ಯಾಂಡ್‌ಬೈನಲ್ಲಿ ಇರುವಾಗಲೇ ‘ಪಿಸಿಎಸ್ ಸ್ಟೋನಿತ್ ಫೆನ್ಸ್ ಡಿಬಿ2’ ಕೊಟ್ಟು ಸರ್ವರ್ ಮುಂದೆಯೋ ಕನ್ಸೋಲ್ ಮುಂದೆಯೋ ಕುಳಿತು ನೋಡಿ. ಪರದೆ ತಟ್ಟನೆ ಕಪ್ಪಾಗಬೇಕು. ಸರ್ವಿಸ್‌ಗಳು ಒಂದೊಂದಾಗಿ ನಿಲ್ಲುತ್ತಿರುವ ಸಾಲುಗಳು ಕಂಡರೆ ಪವರ್ ಬಟನ್ ಸಂದೇಶವನ್ನು ಲಾಗಿನ್‌ಡಿ ಹಿಡಿದು ಮರ್ಯಾದೆಯಿಂದ ಶಟ್‌ಡೌನ್ ಮಾಡುತ್ತಿದೆ ಎಂದರ್ಥ. ಲಾಗಿನ್‌ಡಿ ಕಾನ್ಫಿಗ್‌ನಲ್ಲಿ ‘ಹ್ಯಾಂಡಲ್‌ಪವರ್‌ಕೀ=ಇಗ್ನೋರ್’ ಹಾಕಿ ಮತ್ತೊಮ್ಮೆ ಫೆನ್ಸ್ ಮಾಡಿ.

ಅದು ಪಾಸಾದಮೇಲೆ ಮೆಟಾಡೇಟಾ ಸೃಷ್ಟಿಸಿ, ಅನ್‌ಸ್ಟ್ಯಾಂಡ್‌ಬೈ. ಡಿಆರ್‌ಬಿಡಿ ಸೆಕೆಂಡರಿಯಾಗಿ ಎದ್ದು ಪೂರ್ತಿ ಸಿಂಕ್ ಶುರುವಾಗುತ್ತದೆ. ‘ಡಿಆರ್‌ಬಿಡಿಎಡಿಎಂ ಸ್ಟೇಟಸ್’ನಲ್ಲಿ ಡಿಬಿ1 ಸಿಂಕ್‌ಸೋರ್ಸ್, ಪೀರ್-ಡಿಸ್ಕ್ ಇನ್‌ಕನ್ಸಿಸ್ಟೆಂಟ್ ಎಂದು ಕಾಣಬೇಕು. ದಿಕ್ಕು ಉಲ್ಟಾ ಕಂಡರೆ ಕೂಡಲೇ ಡಿಸ್‌ಕನೆಕ್ಟ್. ಹೊಸ ಮೆಟಾಡೇಟಾ ಇದ್ದರೆ ಉಲ್ಟಾ ಆಗುವ ಸಂದರ್ಭ ಇಲ್ಲ, ಆದರೂ ನೋಡದೆ ಎದ್ದು ಹೋಗಬೇಡಿ.

---

ಹಳೇ_ಪೆಟ್ಟಿಗೆ

ಇಷ್ಟೆಲ್ಲ ಸಿಂಕ್ ಯಾಕೆ ಗುರು? ಡಿಬಿ2ರ ಡಿಸ್ಕ್‌ಗಳು ಚೆನ್ನಾಗಿವೆ, ಕೆಟ್ಟಿರೋದು ಬೋರ್ಡ್. ಡಿಸ್ಕ್ ಕಿತ್ತು ಹೊಸ ಪೆಟ್ಟಿಗೆಗೆ ಹಾಕಿದ್ರೆ ಡಿಆರ್‌ಬಿಡಿ ಮೆಟಾಡೇಟಾ ಹಾಗೇ ಬರುತ್ತೆ. ಡಿಬಿ1 ತನ್ನ ಬಿಟ್‌ಮ್ಯಾಪ್ ನೋಡ್ಕೊಂಡು ಬದಲಾದ ಬ್ಲಾಕ್ ಮಾತ್ರ ಕಳಿಸುತ್ತೆ. ಗಂಟೆಗಟ್ಟಲೆ ಕೆಲಸ ನಿಮಿಷಕ್ಕೆ ಇಳಿಯುತ್ತೆ.

---

ಬೇಲಿಗೂಟ

ತತ್ವ ಸರಿ. ಅದೇ ತಲೆಮಾರಿನ ಪೆಟ್ಟಿಗೆ, ಅದೇ ರೈಡ್ ಕಂಟ್ರೋಲರ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ: ಡಿಸ್ಕ್ ಹಾಕಿ, ಫಾರಿನ್ ಕಾನ್ಫಿಗ್ ಇಂಪೋರ್ಟ್ ಮಾಡಿ, ಮುಗಿಯಿತು. ಆದರೆ ಇವರ ಹೊಸದು ಎನ್‌ವಿಎಂಇ, ಹಳೆಯ ಡಿಸ್ಕ್‌ಗೆ ಅಲ್ಲಿ ಗೂಡೇ ಇಲ್ಲ. ಇನ್ನೊಂದು ಮಾತು, ಡಿಬಿ2ರ ಮೆಮೊರಿಯೇ ಅನುಮಾನದಲ್ಲಿದೆ. ಇದುವರೆಗೆ ಎಲ್ಲ ಎರರ್ ಸರಿಪಡಿಸಿಕೊಂಡಿದೆ ಅಂತ ಲಾಗ್ ಹೇಳುತ್ತದೆ, ನಿಜವೂ ಇರಬಹುದು. ಆದರೂ ಆ ಮೆಮೊರಿ ದಾಟಿ ಬಂದು ಬರೆದ ಡಿಸ್ಕನ್ನು ಹಾಗೇ ನಂಬುವುದಕ್ಕಿಂತ ಡಿಬಿ1ರಿಂದ ಹೊಸದಾಗಿ ಪೂರ್ತಿ ಎಳೆದುಕೊಳ್ಳುವುದು ನೆಮ್ಮದಿ.

---

ಖಟಕ್_ರೊಟ್ಟಿ

ಬೇಲಿಗೂಟ ಅವರು ಹೇಳಿದ ಕ್ರಮ ಬರೋಬ್ಬರಿ ಐತ್ರಿ. ಕಬ್ಬಿಣದ ಕಡೆ ನಾಕು ಮಾತು ಕೂಡಸ್ತೇನಿ.

ಹೊಸ ಸರ್ವರ್‌ದಾಗ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡ್ ತಡಿಯೋದು) ಆನ್ ಆಗೇ ಬಂದಿರಬಹುದು. ಹಳೇದ್ರಾಗ ಆಫ್ ಇದ್ದಿದ್ರ ಯಾರಿಗೂ ನೆನಪ ಇರಂಗಿಲ್ಲ. ಡಿಆರ್‌ಬಿಡಿ 9 ಹೊರಗಿನ ಮಾಡ್ಯೂಲ್. ಅದರ ಸಹಿ ಮಾಡಿದ ಕೀ ಆ ಮಷೀನ್‌ಗೆ ಗೊತ್ತಿಲ್ಲಂದ್ರ ಮಾಡ್‌ಪ್ರೋಬ್ ಹೊಡದಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತ ಬರ್ತೈತಿ. ‘ಮೋಕ್‌ಯುಟಿಲ್ --ಇಂಪೋರ್ಟ್’ ಮಾಡಿ ರೀಬೂಟ್ ಮಾಡ್ರಿ, ನೀಲಿ ಪರದೆ ಬಂದಾಗ ಕೀ ಒಪ್ಪಿಸ್ರಿ. ಆ ಪರದೆ ಕನ್ಸೋಲ್‌ನ್ಯಾಗ ಅಷ್ಟ ಬರ್ತೈತಿ, ಎಸ್‌ಎಸ್‌ಎಚ್‌ದಾಗ ಅಲ್ಲ. ಹಂಗಾಗಿ ಬಿಎಂಸಿಯ ವರ್ಚುವಲ್ ಕನ್ಸೋಲ್ ಕೆಲಸ ಮಾಡ್ತೈತೇನು ಅಂತ ಮದ್ಲ ನೋಡ್ಕೋರಿ.

ಬಿಎಂಸಿ ಅಂದಕೂಡ್ಲೆ ಇನ್ನೊಂದು. ಎಷ್ಟೋ ಹೊಸ ಮಷೀನ್‌ಗಳೊಳಗ ಲ್ಯಾನ್ ಮ್ಯಾಲಿನ ಐಪಿಎಂಐ ಫ್ಯಾಕ್ಟರಿಯಿಂದನ ಬಂದ್ ಮಾಡಿ ಕಳಸ್ತಾರ. ವೆಬ್ ಪೇಜ್ ತೆರೀತೈತಿ, ಪಾಸ್‌ವರ್ಡ್ ಸರಿ ಐತಿ, ಫೆನ್ಸ್ ಏಜೆಂಟ್ ಮಾತ್ರ ಟೈಮ್‌ಔಟ್. ಸೆಟ್ಟಿಂಗ್‌ನ್ಯಾಗ ಅದನ್ನ ಚಾಲೂ ಮಾಡಿ, ಡಿಬಿ1ರಿಂದ ‘ಫೆನ್ಸ್_ಐಪಿಎಂಐಲ್ಯಾನ್’ ಏಜೆಂಟ್‌ನ ನೇರ ಓಡಿಸಿ ‘ಸ್ಟೇಟಸ್’ ಕೇಳ್ರಿ. ಅದು ಉತ್ತರ ಕೊಟ್ಟಮ್ಯಾಲೆ ಪಿಸಿಎಸ್‌ಗೆ ಕೊಡ್ರಿ.

ಈಗ ಕೇಬಲ್. ಡಿಬಿ1 ಕಡೆ 10ಜಿ, ಡಿಬಿ2 ಕಡೆ 25ಜಿ. ಡೈರೆಕ್ಟ್ ಕೇಬಲ್ ಹಾಕಿದ್ರ ಎಷ್ಟೋ 25ಜಿ ಕಾರ್ಡ್ ತಾನ 10ಕ್ಕ ಇಳಿಯಂಗಿಲ್ಲ, ಲಿಂಕ್ ದೀಪನ ಹತ್ತಂಗಿಲ್ಲ. ಹೊಸ ಕಡೆ ಸ್ಪೀಡ್ 10000 ಅಂತ ಗಟ್ಟಿ ಮಾಡಿ, ಎಫ್‌ಇಸಿ (ಲಿಂಕ್‌ನ ಎರರ್ ತಿದ್ದೋದು) ಆಫ್ ಮಾಡಿ ನೋಡ್ರಿ. ಇದನ್ನ ಹಳೆ ಕೇಬಲ್ ಕೀಳೂಕಿಂತ ಮದ್ಲ, ಇನ್ನೊಂದು 10ಜಿ ಪೋರ್ಟ್ ಇರೋ ಮಷೀನ್ ಜೋಡಿ ಪರೀಕ್ಷಾ ಮಾಡಿಟ್ಕೋರಿ.

ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬಹಳ ಮಂದಿ ಮರೀತಾರ. ಎರಡೂ ಕಡೆ 9000 ಇಟ್ಟು ನಡುವ ಸ್ವಿಚ್ ಒಂದು ಬಂದು ಅದು 1500 ಅಷ್ಟ ಬಿಟ್ರ ಮಜಾ ನೋಡ್ರಿ: ಪಿಂಗ್ ಹೋಗ್ತೈತಿ, ಡಿಆರ್‌ಬಿಡಿ ಕನೆಕ್ಟ್ ಅಂತ ಹೇಳ್ತೈತಿ, ಸಿಂಕ್ ಮಾತ್ರ ಸೊನ್ನೆ ದಾಟಂಗಿಲ್ಲ. ಸ್ವಲ್ಪ ಹೊತ್ತಿಗೆ ‘ಪಿಂಗ್‌ಆ್ಯಕ್ ವೇಳೆಗೆ ಬರಲಿಲ್ಲ’ ಅಂತ ಲಾಗ್ ಬರದು ಕಡೀತೈತಿ, ಮತ್ತ ಕೂಡ್ತೈತಿ, ಮತ್ತ ಕಡೀತೈತಿ. ಪ್ರೋಟೋಕಾಲ್ ಸಿ ಆಗಿದ್ದಕ್ಕ ಪ್ರತಿ ಸಲ ಕಡಿಯೂ ಮುಂದ ಡಿಬಿ1ರ ರೈಟ್ ಕೆಲವು ಸೆಕೆಂಡ್ ನಿಲ್ತಾವು, ಅಂದ್ರ ಬಳಸೋರಿಗೂ ಗೊತ್ತಾಗ್ತೈತಿ. ‘ಪಿಂಗ್ -ಎಂ ಡು -ಎಸ್ 8972’ ಎರಡೂ ದಿಕ್ಕಿನಿಂದ ಹೊಡೀರಿ. 9000ದಾಗ ಹೆಡರ್ 28 ಕಳದ್ರ 8972.

ಕಾರ್ಡ್ ಹೆಸರೂ ಬ್ಯಾರೆ ಬರ್ತೈತಿ. ವರ್ಚುವಲ್ ಐಪಿ ರಿಸೋರ್ಸ್‌ನ್ಯಾಗ ‘ನಿಕ್=ಇಎನ್‌ಒ1’ ಅಂತ ಬರದಿದ್ರ, ಹೊಸದ್ರಾಗ ಆ ಹೆಸರಿನ ಕಾರ್ಡ್ ಇರಂಗಿಲ್ಲ, ಸ್ವಿಚ್‌ಓವರ್ ಅಲ್ಲೇ ಮುಗ್ಗರಸ್ತೈತಿ. ‘ನಿಕ್’ ತಗದು ಬಿಡ್ರಿ, ನೆಟ್‌ಮಾಸ್ಕ್ ನೋಡಿ ಏಜೆಂಟ್ ತಾನ ಹುಡಕ್ತೈತಿ. ಇಲ್ಲಾ ಅಂದ್ರ ಎರಡೂ ಕಡೆ ಒಂದ ಹೆಸರಿನ ಬಾಂಡ್ ಮಾಡ್ರಿ.

ಕಡೀಕ, ಕೀಳೋ ಮುಂದ ‘ಐಪಿಎಂಐಟೂಲ್ ಚಾಸಿ ಐಡೆಂಟಿಫೈ ಫೋರ್ಸ್’ ಕೊಟ್ಟು ಹಳೆ ಡಿಬಿ2ರ ನೀಲಿ ದೀಪ ಹಚ್ಚಿ ಹೋಗ್ರಿ. ರ‍್ಯಾಕಿನ ಹಿಂದ ಹೋದಮ್ಯಾಲೆ ಎಡಾ ಬಲಾ ಉಲ್ಟಾ ಆಗ್ತಾವು, ಚೀಟಿ ನಂಬಬ್ಯಾಡ್ರಿ. ದೀಪ ನೋಡಿ ಮದ್ಲ ನೆಟ್‌ವರ್ಕ್ ಕೇಬಲ್ ಕೀಳ್ರಿ, ಡಿಬಿ1ರ ಮ್ಯಾಲೆ ಏನೂ ಆಗಿಲ್ಲಂತ ಖಾತ್ರಿ ಆದಮ್ಯಾಲೆ ಪವರ್. ಹಳೇದನ್ನ ಮತ್ತ ಯಾರರ ಪರೀಕ್ಷಾಕ್ಕ ಅಂತ ಚಾಲೂ ಮಾಡಿದ್ರ ಅದ ಹೆಸರು, ಅದ ಐಪಿ ಹಿಡಕೊಂಡು ಎದ್ದು ಕೂಡ್ತೈತಿ. ಬೂಟ್ ಡಿಸ್ಕ್ ವೈಪ್ ಮಾಡೇ ಹೊರಗ ಕಳಸ್ರಿ.

---

ಇಂಡೆಕ್ಸ್_ಅಕ್ಕ

ಡಿಬಿಎ ಕರೆದಿದ್ದೀರಿ, ಬಂದೆ.

ಆಲ್ಮಾ 10 ಯಾಕೆ ಬೇಡ ಎಂದರೆ ಗ್ಲಿಬ್‌ಸಿ, ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. ಪೋಸ್ಟ್‌ಗ್ರೆಸ್ ಅಕ್ಷರಗಳ ಜೋಡಣೆಯ ಕ್ರಮವನ್ನು ಸಾಮಾನ್ಯವಾಗಿ ಸಿಸ್ಟಮ್‌ನ ಗ್ಲಿಬ್‌ಸಿಯಿಂದ ತೆಗೆದುಕೊಳ್ಳುತ್ತದೆ. 9ರಲ್ಲಿ 2.34, 10ರಲ್ಲಿ 2.39. ಬ್ಲಾಕ್ ಮಟ್ಟದಲ್ಲಿ ನಕಲಾದ ಇಂಡೆಕ್ಸ್ ಒಂದು ಕ್ರಮದಲ್ಲಿ ಕಟ್ಟಿರುತ್ತದೆ, ಹೊಸ ನೋಡ್ ಇನ್ನೊಂದು ಕ್ರಮದಲ್ಲಿ ಓದುತ್ತದೆ. 2018ರ 2.28ರಲ್ಲಿ ಈ ಕ್ರಮ ಭಾರಿ ಬದಲಾಗಿ ಎಷ್ಟೋ ಕಡೆ ಟೆಕ್ಸ್ಟ್ ಇಂಡೆಕ್ಸ್‌ಗಳು ಹಾಳಾದವು. ಎರರ್ ಬಾರದೆ ಹಾಳಾಗುವುದೇ ಇದರ ಕೇಡು: ಇರುವ ಸಾಲು ಹುಡುಕಿದರೆ ಸಿಗುವುದಿಲ್ಲ, ಯೂನಿಕ್ ಕಾಲಂನಲ್ಲಿ ಒಂದೇ ಹೆಸರು ಎರಡು ಬಾರಿ ಕೂರುತ್ತದೆ. ಪೋಸ್ಟ್‌ಗ್ರೆಸ್ 15 ಕೊಲೇಶನ್ (ಅಕ್ಷರಕ್ರಮ) ವರ್ಷನ್ ತಾಳೆಯಾಗದಿದ್ದರೆ ವಾರ್ನಿಂಗ್ ಕೊಡುತ್ತದೆ. ‘ರಿಫ್ರೆಶ್ ಕೊಲೇಶನ್ ವರ್ಷನ್’ ಕೊಟ್ಟರೆ ವಾರ್ನಿಂಗ್ ಬಾಯಿ ಮುಚ್ಚುತ್ತದೆ, ಇಂಡೆಕ್ಸ್ ಸರಿಹೋಗುವುದಿಲ್ಲ. ಅದಕ್ಕೆ ರೀಇಂಡೆಕ್ಸೇ ಮದ್ದು.

ಹೊಸ ನೋಡ್‌ನಲ್ಲಿ ಪೋಸ್ಟ್‌ಗ್ರೆಸ್ ಏಳದಿರಲು ನಾನು ಮೊದಲು ನೋಡುವ ಎರಡು ಜಾಗ. ಒಂದು, ‘ಶೇರ್ಡ್_ಪ್ರೀಲೋಡ್_ಲೈಬ್ರರೀಸ್’. ಡಿಬಿ1ರಲ್ಲಿ ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್ ಇದೆ, ಹೊಸದರಲ್ಲಿ ಕಾಂಟ್ರಿಬ್ ಪ್ಯಾಕೇಜ್ ಹಾಕಿಲ್ಲ. ಆ ಫೈಲ್ ಸಿಗಲಿಲ್ಲ ಎಂದು ಸರ್ವರ್ ಸ್ಟಾರ್ಟೇ ಆಗುವುದಿಲ್ಲ. ಡಿಬಿ1ರ ಪ್ಯಾಕೇಜ್ ಪಟ್ಟಿ ತೆಗೆದು ಡಿಫ್ ಮಾಡಿ. ಎರಡು, ಹ್ಯೂಜ್ ಪೇಜ್. ‘ಹ್ಯೂಜ್_ಪೇಜಸ್=ಆನ್’ ಇದ್ದು ಹೊಸದರಲ್ಲಿ ಕರ್ನಲ್‌ಗೆ ಅಷ್ಟು ಪೇಜ್ ಕೊಟ್ಟಿಲ್ಲದಿದ್ದರೂ ಏಳುವುದಿಲ್ಲ. ಎಷ್ಟು ಬೇಕೆಂದು ಡಿಬಿ1ರಲ್ಲಿ ‘ಶೋ ಶೇರ್ಡ್_ಮೆಮೊರಿ_ಸೈಜ್_ಇನ್_ಹ್ಯೂಜ್_ಪೇಜಸ್’ ಕೇಳಿ, 15ರಿಂದ ಈ ಸೌಲಭ್ಯ ಬಂದಿದೆ. ಶೇರ್ಡ್ ಬಫರ್ 32 ಜಿಬಿ ಇದ್ದರೆ 2 ಎಂಬಿ ಪೇಜ್ ಲೆಕ್ಕದಲ್ಲಿ ಬಫರ್‌ಗೇ 16384, ಉಳಿದದ್ದು ಸೇರಿ ಇನ್ನೂ ಕೆಲವು ನೂರು.

ಸಿಂಕ್ ಶುರು ಮಾಡುವ ಮುನ್ನ ಪೂರ್ಣ ಬ್ಯಾಕಪ್, ಎರಡೂ ನೋಡ್‌ಗಳಲ್ಲದ ಮೂರನೇ ಮಷೀನ್‌ನಲ್ಲಿ. ವಾಲ್ (ಬದಲಾವಣೆಗಳ ಲಾಗ್) ಆರ್ಕೈವ್ ಕೂಡ ಅಲ್ಲಿಗೇ ಹೋಗುತ್ತಿರಬೇಕು. ಸಿಂಕ್ ಮುಗಿಯದ ಡಿಬಿ2 ಒಂಟಿಯಾಗಿ ಪ್ರೈಮರಿ ಆಗಲಾರದು, ಆ ಹೊತ್ತಿನಲ್ಲಿ ಡಿಬಿ1 ಬಿದ್ದರೆ ಕೈಯಲ್ಲಿ ಉಳಿಯುವುದು ಬ್ಯಾಕಪ್ ಒಂದೇ. ಹೊಸ ನೋಡ್‌ನಿಂದ ಆ ಬ್ಯಾಕಪ್ ಮಷೀನ್‌ಗೆ ಎಸ್‌ಎಸ್‌ಎಚ್ ಹೋಗುತ್ತದೆಯೇ ಎಂದೂ ನೋಡಿ. ಹೊಸ ನೋಡ್‌ನ ಕೀ ಆ ಮಷೀನ್‌ಗೆ ಗೊತ್ತಿಲ್ಲದಿದ್ದರೆ, ಸ್ವಿಚ್‌ಓವರ್ ಆದಮೇಲೆ ಆರ್ಕೈವ್ ಕಮಾಂಡ್ ಸದ್ದಿಲ್ಲದೆ ಫೇಲ್ ಆಗುತ್ತಾ ಪಿಜಿ_ವಾಲ್ ಡೈರೆಕ್ಟರಿ ತುಂಬುತ್ತಾ ಹೋಗುತ್ತದೆ.

ಭಾನುವಾರದ ಐದು ನಿಮಿಷ. ಇದನ್ನು ಅರ್ಧ ನಿಮಿಷಕ್ಕೆ ಇಳಿಸಬಹುದು:

ಮೊದಲು ಕೈಯಾರೆ ‘ಚೆಕ್‌ಪಾಯಿಂಟ್’ (ಮೆಮೊರಿಯಲ್ಲಿ ಬದಲಾದದ್ದನ್ನು ಡಿಸ್ಕ್‌ಗೆ ಬರೆಯುವುದು) ಕೊಡಿ, ಮುಗಿದ ಕೂಡಲೇ ಇನ್ನೊಮ್ಮೆ. ಪೋಸ್ಟ್‌ಗ್ರೆಸ್ ನಿಲ್ಲುವಾಗ ಹೇಗೂ ಚೆಕ್‌ಪಾಯಿಂಟ್ ಮಾಡುತ್ತದೆ, ಕೊಳೆಯಾದ ಬಫರ್ ಹತ್ತಾರು ಜಿಬಿ ಇದ್ದರೆ ಅಲ್ಲೇ ಒಂದೆರಡು ನಿಮಿಷ ಹೋಗುತ್ತದೆ. ಮುಂಚೆಯೇ ತೊಳೆದಿಟ್ಟರೆ ಕೊನೆಗೆ ಉಳಿಯುವುದು ಚೂರು.

ನಂತರ ಪ್ರತಿ ಪಿಜಿಬೌನ್ಸರ್‌ನಲ್ಲೂ ‘ಪಾಸ್’ (ತಾತ್ಕಾಲಿಕ ತಡೆಯ ಕಮಾಂಡ್). ನಡೆಯುತ್ತಿರುವ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಅದು ಕಾಯುತ್ತದೆ, ಹೊಸ ಕ್ವೆರಿಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಅಪ್ಲಿಕೇಶನ್‌ಗೆ ಎರರ್ ಅಲ್ಲ, ಬರೀ ತಡ. ಆದರೆ ‘ಕ್ವೆರಿ_ವೇಟ್_ಟೈಮ್‌ಔಟ್’ ಡೀಫಾಲ್ಟ್ 120 ಸೆಕೆಂಡ್. ಅದು ದಾಟಿದರೆ ಕಾಯುತ್ತಿದ್ದ ಕನೆಕ್ಷನ್‌ಗಳನ್ನು ಕಡಿಯುತ್ತದೆ. ಯಾವುದಾದರೂ ರಿಪೋರ್ಟ್ ಕ್ವೆರಿ ಅರ್ಧ ಗಂಟೆಯಿಂದ ಓಡುತ್ತಿದ್ದರೆ ‘ಪಾಸ್’ ಅದಕ್ಕಾಗಿ ಕಾದು ಕೂರುತ್ತದೆ, ಮೊದಲೇ ಹುಡುಕಿ ಟರ್ಮಿನೇಟ್ ಮಾಡಿ.

ಎಲ್ಲ ಪೂಲ್ ನಿಂತಮೇಲೆ ‘ಪಿಸಿಎಸ್ ನೋಡ್ ಸ್ಟ್ಯಾಂಡ್‌ಬೈ ಡಿಬಿ1’. ‘ಸಿಆರ್‌ಎಂ_ಮಾನ್’ ನೋಡುತ್ತಿರಿ. ಡಿಬಿ2ರಲ್ಲಿ ಪೋಸ್ಟ್‌ಗ್ರೆಸ್ ಎದ್ದು ವರ್ಚುವಲ್ ಐಪಿ ಬಂದ ಕೂಡಲೇ ‘ರೆಸ್ಯೂಮ್’. ಐಪಿ ಈಗ ಇಲ್ಲಿದೆ ಎಂದು ಐಪಿ ಏಜೆಂಟ್ ಐದು ಬಾರಿ ಎಆರ್‌ಪಿ ಕೂಗಿ ಹೇಳುತ್ತದೆ. ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಹಾಕಿ ಹಳೆ ಮ್ಯಾಕ್ (ಕಾರ್ಡ್‌ನ ವಿಳಾಸ) ಅಂಟಿಸಿದ್ದರೆ ಎಷ್ಟು ಕೂಗಿದರೂ ಆಗದು, ನೆಟ್‌ವರ್ಕ್‌ನವರಿಗೆ ಮೊದಲೇ ಹೇಳಿ.

---

ರ‍್ಯಾಕ್_12

ಎಲ್ಲರಿಗೂ ವಂದನೆ. ಮ್ಯಾಕ್ಸ್-ಪೀರ್ಸ್ ನೋಡಿದೆ, 1 ಇದೆ. ಹಾಗಾದರೆ ಮೊದಲು ತೆಗೆಯುವುದೇ ದಾರಿ. ಎರಡು ಅನುಮಾನ ಉಳಿದಿವೆ. ಸಿಂಕ್ ಎಷ್ಟು ಹೊತ್ತು ಹಿಡಿಯುತ್ತದೆ, ಹಗಲು ಹೊತ್ತಿನಲ್ಲಿ ಮಾಡಿದರೆ ಡಿಬಿ1 ನಿಧಾನವಾಗುತ್ತದೆಯೇ? ಮತ್ತೆ, ಸ್ವಿಚ್‌ಓವರ್ ನಡುವೆ ಏನಾದರೂ ಸಿಕ್ಕಿಹಾಕಿಕೊಂಡರೆ?

---

ಬೇಲಿಗೂಟ

ಡಿಆರ್‌ಬಿಡಿಯ ‘ಸಿ-ಮ್ಯಾಕ್ಸ್-ರೇಟ್’ ಡೀಫಾಲ್ಟ್ ಸೆಕೆಂಡಿಗೆ 100 ಎಂಬಿ. 1.8 ಟಿಬಿಗೆ ಸುಮಾರು ಐದೂಕಾಲು ಗಂಟೆ. 400ಕ್ಕೆ ಏರಿಸಿದರೆ ಒಂದು ಗಂಟೆ ಇಪ್ಪತ್ತು ನಿಮಿಷ, ಡಿಬಿ1ರ ಡಿಸ್ಕ್ ಅಷ್ಟು ಓದಿಕೊಟ್ಟರೆ. ಓಡುತ್ತಿರುವಾಗಲೇ ಬದಲಾಯಿಸಬಹುದು:

ಡಿಆರ್‌ಬಿಡಿಎಡಿಎಂ ಪೀರ್-ಡಿವೈಸ್-ಆಪ್ಷನ್ಸ್ --ಸಿ-ಮ್ಯಾಕ್ಸ್-ರೇಟ್=400ಎಂ ಆರ್0:ಡಿಬಿ2

ಮುಗಿದಮೇಲೆ ‘ಅಡ್ಜಸ್ಟ್’ ಕೊಟ್ಟರೆ ಫೈಲ್‌ನಲ್ಲಿರುವ ಬೆಲೆಗೆ ಮರಳುತ್ತದೆ. ರೇಟ್ ಏರಿಸಿದರೂ ವೇಗ ಏರದಿದ್ದರೆ ‘ಮ್ಯಾಕ್ಸ್-ಬಫರ್ಸ್’ ನೋಡಿ, ಡೀಫಾಲ್ಟ್ 2048 ಇರುತ್ತದೆ, 10ಜಿಗೆ ಅದು ಇಕ್ಕಟ್ಟು. 8000 ಇಟ್ಟು ನೋಡಿ.

ಹಗಲು ಹೊತ್ತಿನ ಕತೆ ಬೇರೆ. ಅಪ್ಲಿಕೇಶನ್ ಬರೆಯುತ್ತಿದೆ ಎಂದು ಕಂಡರೆ ಡಿಆರ್‌ಬಿಡಿ ತಾನಾಗಿ ಸಿಂಕ್ ತಗ್ಗಿಸುತ್ತದೆ, ‘ಸಿ-ಮಿನ್-ರೇಟ್’ವರೆಗೆ. ಅದರ ಡೀಫಾಲ್ಟ್ ಸೆಕೆಂಡಿಗೆ 250 ಕೆಬಿ. ಲೆಕ್ಕ ಹಾಕಿ ನೋಡಿ, ಅದೇ ವೇಗದಲ್ಲಿ ಹೋದರೆ ನಿಮ್ಮ 1.8 ಟಿಬಿಗೆ 89 ದಿನ! ಬಿಡುವು ಸಿಕ್ಕಾಗ ಏರುತ್ತದೆ ನಿಜ, ಆದರೆ ದಿನವಿಡೀ ಬರೆಯುವ ಡೇಟಾಬೇಸ್‌ನಲ್ಲಿ ಬಿಡುವೇ ಸಿಗದೆ ‘ಡನ್’ ಅಂಕಿ ಮಧ್ಯಾಹ್ನವೆಲ್ಲ ಒಂದೇ ಕಡೆ ನಿಂತಂತೆ ಕಾಣುತ್ತದೆ. ‘ಸಿ-ಮಿನ್-ರೇಟ್’ 50ಎಂಗೆ ಏರಿಸಿ ಕಮಿಟ್ ಲೇಟೆನ್ಸಿ ನೋಡುತ್ತಿರಿ, ಏರಿದರೆ ತಗ್ಗಿಸಿ. ನನ್ನನ್ನು ಕೇಳಿದರೆ ಶನಿವಾರ ಸಂಜೆ ನೋಡ್ ಸೇರಿಸಿ, ರಾತ್ರಿ ಹತ್ತಕ್ಕೆ ಸಿಂಕ್ ಬಿಡಿ. ಮುಗಿಯದಿದ್ದರೆ 2 ಗಂಟೆಯ ಸ್ವಿಚ್‌ಓವರನ್ನು ಮುಂದಿನ ಭಾನುವಾರಕ್ಕೆ ತಳ್ಳಿ, ಅದರಲ್ಲಿ ಅವಮಾನ ಏನಿಲ್ಲ.

ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಸ್ಟಾಪ್‌ನಲ್ಲಿ. ಯಾವುದೇ ರಿಸೋರ್ಸ್ ಹೇಳಿದ ಟೈಮ್‌ಔಟ್ ಒಳಗೆ ನಿಲ್ಲದಿದ್ದರೆ ಪೇಸ್‌ಮೇಕರ್ ಆ ನೋಡನ್ನೇ ಫೆನ್ಸ್ ಮಾಡುತ್ತದೆ. ಅಂದರೆ ಶಾಂತವಾಗಿ ಆಗಬೇಕಿದ್ದ ಸ್ವಿಚ್‌ಓವರ್, ಡಿಬಿ1ರ ಪವರ್ ಕಿತ್ತ ಹಾಗಾಗಿ, ಡಿಬಿ2ರಲ್ಲಿ ಕ್ರ್ಯಾಶ್ ರಿಕವರಿಯಿಂದ ಶುರುವಾಗುತ್ತದೆ. ಪಿಜಿಎಸ್‌ಕ್ಯೂಎಲ್ ಏಜೆಂಟ್ ಮೊದಲು ಫಾಸ್ಟ್ ಮೋಡ್‌ನಲ್ಲಿ ನಿಲ್ಲಿಸಲು ನೋಡಿ, 90 ಸೆಕೆಂಡ್ ಆದಮೇಲೆ ಇಮ್ಮೀಡಿಯೆಟ್‌ಗೆ ಹೋಗುತ್ತದೆ. ನಿಮ್ಮ ಸ್ಟಾಪ್ ಟೈಮ್‌ಔಟ್ 60 ಇದ್ದರೆ ಆ 90 ಬರುವುದೇ ಇಲ್ಲ, ಅಷ್ಟರಲ್ಲಿ ಫೆನ್ಸ್ ಆಗಿರುತ್ತದೆ. ಟೈಮ್‌ಔಟ್ 120ರ ಮೇಲಿಡಿ. ಇನ್ನೊಂದು ಅನ್‌ಮೌಂಟ್: ಆ ಮೌಂಟ್ ಒಳಗೆ ನಿಂತ ಶೆಲ್‌ಗಳನ್ನು ಏಜೆಂಟ್ ಕೊಲ್ಲುತ್ತದೆ, ಆದರೆ ಯಾರಾದರೂ ಆ ಡೈರೆಕ್ಟರಿಯನ್ನು ಎನ್‌ಎಫ್‌ಎಸ್‌ನಲ್ಲಿ ಹಂಚಿದ್ದರೆ ಕರ್ನಲ್ ಬಿಡುವುದಿಲ್ಲ. ರಾತ್ರಿಯ ಬ್ಯಾಕಪ್ ಕ್ರಾನ್ 2 ಗಂಟೆಗೇ ಇದೆಯೇ ಎಂದೂ ನೋಡಿ, ಬಹುತೇಕ ಎಲ್ಲರ ಕ್ರಾನ್ 2ಕ್ಕೇ ಇರುತ್ತದೆ.

ಡಿಆರ್‌ಬಿಡಿಯಲ್ಲಿ ಫೆನ್ಸ್-ಪೀರ್ ಹ್ಯಾಂಡ್ಲರ್ ಹಾಕಿದ್ದರೆ ಸ್ವಿಚ್‌ಓವರ್‌ಗೂ ಮೊದಲು ‘ಪಿಸಿಎಸ್ ಕನ್‌ಸ್ಟ್ರೈಂಟ್’ ಓಡಿಸಿ ನೋಡಿ. ಹಳೆ ಡಿಬಿ2 ಯಾವಾಗಲೋ ಒಮ್ಮೆ ತಟ್ಟನೆ ಕಡಿದಿದ್ದರೆ ‘ಡಿಆರ್‌ಬಿಡಿ-ಫೆನ್ಸ್-ಬೈ-ಹ್ಯಾಂಡ್ಲರ್’ ಎಂದು ಶುರುವಾಗುವ ನಿಯಮ ಒಂದು ಅಲ್ಲೇ ಉಳಿದಿರಬಹುದು. ಡಿಬಿ1 ಬಿಟ್ಟು ಬೇರೆ ಯಾರೂ ಪ್ರೈಮರಿ ಆಗಕೂಡದು ಎಂಬುದೇ ಅದರ ಅರ್ಥ. ಸಿಂಕ್ ಪೂರ್ತಿಯಾಗಿ ಎರಡೂ ಕಡೆ ಅಪ್‌ಟುಡೇಟ್ ಇದ್ದರೆ ಮಾತ್ರ ಅದನ್ನು ಡಿಲೀಟ್ ಮಾಡಿ. ಅದಿದ್ದಾಗ ಡಿಬಿ1ನ್ನು ಸ್ಟ್ಯಾಂಡ್‌ಬೈಗೆ ಹಾಕಿದರೆ ಇಬ್ಬರೂ ಸೆಕೆಂಡರಿಯಾಗಿ ಮುಖ ನೋಡಿಕೊಂಡು ಕೂರುತ್ತಾರೆ, ಲಾಗ್‌ನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ.

ಸಿಂಕ್ ಆದಮೇಲೆ ಸಮಯವಿದ್ದರೆ ಒಮ್ಮೆ ‘ಡಿಆರ್‌ಬಿಡಿಎಡಿಎಂ ವೆರಿಫೈ’, ಕಾನ್ಫಿಗ್‌ನಲ್ಲಿ ವೆರಿಫೈ-ಆಲ್ಗ್ ಇದ್ದರೆ. ಔಟ್ ಆಫ್ ಸಿಂಕ್ ಬ್ಲಾಕ್ ಕಂಡರೆ ಡಿಸ್‌ಕನೆಕ್ಟ್ ಮಾಡಿ ಕನೆಕ್ಟ್ ಮಾಡಿದಾಗ ಅವಷ್ಟೇ ಮತ್ತೆ ಬರುತ್ತವೆ.

---

ಇಂಡೆಕ್ಸ್_ಅಕ್ಕ

ಸಿಕ್ಕಿಹಾಕಿಕೊಂಡರೆ ವಾಪಸ್ ಬರುವ ಗಡಿ ಮೊದಲೇ ಬರೆದಿಟ್ಟುಕೊಳ್ಳಿ. 90 ಸೆಕೆಂಡ್‌ಗೆ ಡಿಬಿ2ರಲ್ಲಿ ಪೋಸ್ಟ್‌ಗ್ರೆಸ್ ಏಳದಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ. ‘ಪಿಸಿಎಸ್ ನೋಡ್ ಅನ್‌ಸ್ಟ್ಯಾಂಡ್‌ಬೈ ಡಿಬಿ1’, ಆಮೇಲೆ ‘ಸ್ಟ್ಯಾಂಡ್‌ಬೈ ಡಿಬಿ2’. ಡಿಬಿ2 ಪ್ರೈಮರಿ ಆಗಿ ಒಂದಿಷ್ಟು ಬರೆದಿದ್ದರೆ ಡಿಬಿ1 ಕನೆಕ್ಟ್ ಆಗಿ ಆ ಚೂರು ಸಿಂಕ್ ಮುಗಿಯುವವರೆಗೆ ಡಿಬಿ2ನ್ನು ಇಳಿಸಬೇಡಿ. ಅಪ್‌ಟುಡೇಟ್ ಎಂದು ಕಂಡಮೇಲೆ ಇಳಿಸಿ. ಲಾಗ್ ಆಮೇಲೂ ಅಲ್ಲೇ ಇರುತ್ತದೆ, ನಿಧಾನವಾಗಿ ಓದಬಹುದು.

---

ಖಟಕ್_ರೊಟ್ಟಿ

ಎಲ್ಲಾ ಮುಗದಮ್ಯಾಲೆ ಆ ‘ಪಿಸಿಎಂಕೆ_ನೋಡ್_ಸ್ಟಾರ್ಟ್_ಸ್ಟೇಟ್’ ಸಾಲು ಅಳಸೋದು ಮರೀಬ್ಯಾಡ್ರಿ. ಉಳಸಿದ್ರ ಡಿಬಿ2 ಪ್ರತಿ ರೀಬೂಟ್‌ಗೂ ಸ್ಟ್ಯಾಂಡ್‌ಬೈನ್ಯಾಗ ಎದ್ದು ಸುಮ್ನ ಕೂಡ್ತೈತಿ. ಮಾನಿಟರಿಂಗ್‌ದಾಗ ಹಸರ ದೀಪ ಇರ್ತೈತಿ, ಡಿಬಿ1 ಬಿದ್ದ ದಿನ ಗೊತ್ತಾಗ್ತೈತಿ.